ಗಿಳಿಯ ಆಟದಲ್ಲಿ ನಾನಿಟ್ಟ ಹೆಸರು

ಹುಲಿಗೆಮ್ಮ, ಆ ಶಬ್ದವನ್ನು ಯಂತ್ರ ಆರಿಸಲಿಲ್ಲ. ನಾನು ಆರಿಸಿದೆ.

ಎಂಟು ವರ್ಷದಿಂದ ನೀನು ತಿಳಿದುಕೊಂಡಿರುವುದು ಬೇರೆ. ಪರೀಕ್ಷೆಯ ದಿನ ಕಂಪ್ಯೂಟರಿನ ಪರದೆಯ ಮೇಲೆ ನಿನ್ನ ಗಂಡನ ಹೆಸರೇ ಉತ್ತರವಾಗಿ ಬಂದು ನಿಂತದ್ದು ನಸೀಬು ಎಂದುಕೊಂಡೆ. ನಾನೂ ಹಾಗೆಂದೇ ತಲೆಯಾಡಿಸಿದೆ. ಸಾವಿರಾರು ಶಬ್ದಗಳ ರಾಶಿಯಲ್ಲಿ ಅದೊಂದನ್ನು ಹೆಕ್ಕಿ ಇಟ್ಟು, ನೀನು ಸುತ್ತುಬಳಸಿ ದಾಟಿಹೋಗದಂತೆ ಬೇಲಿಯನ್ನೂ ಹಾಕಿದವನು ನಿನ್ನ ಮಾಸ್ತರ — ದಿನಾ ಕೀಲಿಮಣೆ ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೆ ನೀನು ಯಾರ ಕಡೆ ತಿರುಗಿ ಕೈ ಮುಗಿಯುತ್ತಿದ್ದೆಯೋ, ಅವನೇ.

ಇದನ್ನು ನಿನ್ನ ಹೊರತು ಬೇರೆಯವರೂ ಓದಲಿ ಎಂದೇ ಬರೆಯುತ್ತಿದ್ದೇನೆ. ಹಾಗಾಗಿ ನಿನಗೆ ಗೊತ್ತಿದ್ದದ್ದನ್ನೂ ಹೇಳಬೇಕಾಗುತ್ತದೆ. ಬೇಸರ ಮಾಡಿಕೊಳ್ಳಬೇಡ ತಂಗಿ.

ಗಂಗಾವತಿಯಲ್ಲಿ ಒಂದು ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ನಾನು ಮೂವತ್ತು ವರ್ಷ ಟೈಪಿಂಗ್ ಕಲಿಸಿದೆ. ಮೊದಲು ಕಟಕಟ ಸದ್ದಿನ ಯಂತ್ರಗಳು, ಆಮೇಲೆ ಕಂಪ್ಯೂಟರು. ಕಂಪ್ಯೂಟರು ಬಂದ ಕೆಲ ವರ್ಷಕ್ಕೆ ಆ ಗಿಳಿಯೂ ಬಂತು. ಕನ್ನಡದಲ್ಲಿ ಶಬ್ದದ ಆಟ ಮಾಡಿದ್ದೇವೆ, ಆಡುತ್ತ ಆಡುತ್ತ ಮಕ್ಕಳ ಶಬ್ದ ಭಂಡಾರವೂ ಬೆಳೆಯುತ್ತದೆ, ಬೆರಳೂ ಓಡುತ್ತದೆ ಎಂದು ಒಂದು ಸಣ್ಣ ಸಂಸ್ಥೆಯವರು ತಂದು ಹಾಕಿಕೊಟ್ಟರು. ಒಂದು ಟೊಂಗೆ. ಟೊಂಗೆಯ ಮೇಲೆ ಹಸಿರು ಗಿಳಿ. ಕೆಳಗೆ ಒಂದು ಸುಳಿವು, ಅದರ ಕೆಳಗೆ ಖಾಲಿ ಮನೆಗಳು — ಅಕ್ಷರಕ್ಕೊಂದು ಮನೆ. ಉತ್ತರ ಹೊಡೆದರೆ ಗಿಳಿ ಪೇರಲಹಣ್ಣು ತಿಂದು ‘ಶಭಾಷ್’ ಅನ್ನುತ್ತದೆ. ಹೊತ್ತು ಮೀರಿದರೆ ಟೊಂಗೆ ಮುರಿದು ಬಿದ್ದು ‘ಅಯ್ಯೋ ಪಾಪ’ ಅನ್ನುತ್ತದೆ. ಗಿಳಿ ಬಿತ್ತೆಂದರೆ ಆಟ ಮುಗಿಯಿತು. ಇಷ್ಟೇ. ಪೇರಲಹಣ್ಣಿನ ರುಚಿ ಗೊತ್ತಿಲ್ಲದ ಒಂದು ಬಣ್ಣದ ಚುಕ್ಕೆ ಮನುಷ್ಯರಿಗೆ ಶಭಾಷ್ ಅನ್ನುವುದು, ಓದು ಬರಹ ಬಲ್ಲವರು ಅದಕ್ಕೆ ಹಲ್ಲು ಕಿರಿಯುವುದು. ಈಗ ನೆನೆಸಿದರೆ ಹೇಸಿಗೆಯಾಗುತ್ತದೆ. ಆಗ ಆಗಲಿಲ್ಲ. ಯಾಕೆಂದರೆ ಆ ಗಿಳಿಗೆ ಶಬ್ದ ತಿನ್ನಿಸುವ ಕೆಲಸ ನನಗೇ ಕೊಟ್ಟಿದ್ದರು. ಆಟ ತೆರೆದ ಕೂಡಲೇ ಮೊದಲ ಪರದೆಯ ಮೇಲೆ ನನ್ನ ಹೆಸರು ಬರುತ್ತಿತ್ತು — ಪದಸಂಪತ್ತು: ಇಂಥವರು ಎಂದು. ಪಾಠ ಇಲ್ಲದಾಗಲೂ ಸುಮ್ಮನೆ ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ. ಹೆಸರು ಬರುವುದನ್ನು ನೋಡಲು. ಅಂಥ ಮನುಷ್ಯ ನಾನು.

ಶಬ್ದಗಳೂ ನನ್ನವೇನಲ್ಲ. ಕುಷ್ಟಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಅಜ್ಜಿ ಜೋಳ ಹಸನು ಮಾಡುತ್ತ ನನ್ನ ಕಿವಿಗೆ ಹಾಕಿದವು. ಮಣ್ಣಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುವಾಗ ಆಕೆ ಒಂದು ಮಾತು ಹೇಳುತ್ತಿದ್ದಳು: “ಬಾಯಾಗ ಬರದ್ದು ಕೈಯಾಗ ಬರಬಾರದೋ ಮಗಾ. ಮದ್ಲ ಅನ್ನು, ಆಮ್ಯಾಗ ತೀಡು.” ಅದನ್ನೇ ನಾನು ನನ್ನ ಕ್ಲಾಸಿನ ಕಾಯ್ದೆ ಮಾಡಿದೆ. ಮೊದಲು ಬಾಯಲ್ಲಿ ಅನ್ನಬೇಕು, ಆಮೇಲೆ ಬೆರಳಲ್ಲಿ ಹೊಡೆಯಬೇಕು. ಹುಡುಗಿಯರೆಲ್ಲ ಕೂಡಿ ಅನ್ನುತ್ತ ಹೊಡೆಯುವಾಗ ಕೆಳಗೆ ಗೊಬ್ಬರದ ಅಂಗಡಿಯವರು ಭಜನೆ ಸುರುವಾಯಿತು ಎಂದು ನಗುತ್ತಿದ್ದರು. ಅಜ್ಜಿಯ ಆ ಒಳ್ಳೆಯ ಮಾತನ್ನು ಮುಂದೆ ಯಾವುದಕ್ಕೆ ಬಳಸಿದೆ — ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ನೀನು ಮರಳಿ ಎಂಬ ಹಳ್ಳಿಯಿಂದ ಬರುತ್ತಿದ್ದೆ. ಮುಂಜಾನೆ ಗದ್ದೆಯ ಕೆಲಸ, ಮಧ್ಯಾಹ್ನದ ಬಸ್ಸಿಗೆ ಗಂಗಾವತಿ. ಕಾಲಿನ ಉಗುರಿನಲ್ಲಿ ಕೆಸರು ಹಾಗೇ ಇರುತ್ತಿತ್ತು. ಹತ್ತನೆಯ ತರಗತಿ ಮುಗಿಸಿ ಹದಿನಾಲ್ಕು ವರ್ಷವಾಗಿತ್ತು ನಿನಗೆ. ಮೊದಲ ವಾರ ಪಕ್ಕದ ಹುಡುಗಿಯರು ನಿನ್ನ ಬೆರಳು ನೋಡಿ ನಕ್ಕರು. ಮೂರು ತಿಂಗಳಿಗೆ ಅವರ ಬೆರಳು ನಿನ್ನ ಹಿಂದೆ ಓಡತೊಡಗಿದವು. ಸಸಿ ಹಚ್ಚುವ ಕೈ — ನೋಡದೆಯೇ ಸಾಲು ತಪ್ಪದ ಕೈ. ಅದಕ್ಕೆ ಕೀಲಿಮಣೆ ಯಾವ ಲೆಕ್ಕ?

ಒಂದು ದಿನ ಗಿಳಿ ‘ಮಡಿಯಲ್ಲಿ ಮೊಳೆತ ಭತ್ತದ ಸಸಿ’ ಎಂದು ಸುಳಿವು ಕೊಟ್ಟಿತು. ಉತ್ತರ ‘ಪೈರು’ ಎಂದು ಇಟ್ಟವನು ನಾನು. ನೀನು ಹೊಡೆಯಲಿಲ್ಲ. ಕೈ ಕಟ್ಟಿ ಕೂತು ನಕ್ಕೆ.

“ಯಾಕವ್ವಾ?” ಅಂದೆ ನಾನು.

“ಮಡಿಯಾಗಿದ್ರ ಅದು ಸಸೀನ ರೀ ಸರ್ರ. ಕಿತ್ತು, ಗದ್ದಿಗಿ ಹಚ್ಚಿ, ಬೇರು ಹಿಡಿದು ಹಸರು ತಿರುಗಿದ ಮ್ಯಾಲ ಪೈರು. ಇವತ್ತ ಹುಟ್ಟಿದ ಕೂಸಿಗಿ ಮದಲಗಿತ್ತಿ ಅಂದಂಗಾತು ನಿಮ್ಮ ಗಿಳಿ ಮಾತು.”

ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ. ಆಹಾ, ಎಂಥ ಮಾತು ಹೇಳಿದಿ ತಂಗಿ ಅಂದೆ. ಅದು ಬರೀ ಬಾಯಿ. ಒಳಗೆ ಏನೋ ಹುಳಿ ಹಿಂಡಿದಂತಾಗಿತ್ತು. ಊರೂರಿನ ಕಾರ್ಯಕ್ರಮಗಳಿಗೆ ನನ್ನನ್ನು ಕರೆದು, ಶಾಲು ಹೊದಿಸಿ, ಹಿರಿಯರಿಂದ ಭಾಷೆ ಕಲಿತವರು, ಶಬ್ದದ ಕಣಜ ಎಂದೆಲ್ಲ ಹೊಗಳುತ್ತಿದ್ದರಲ್ಲ — ಆ ಕಣಜದ ತಳ ಎಲ್ಲಿದೆ ಎಂದು ನೀನು ನಕ್ಕೋತ ತೋರಿಸಿಬಿಟ್ಟಿದ್ದೆ. ಅಂದು ನನಗೆ ಅದು ಹೊಟ್ಟೆಕಿಚ್ಚು ಎಂದು ಗೊತ್ತಾಗಲಿಲ್ಲ. ಆಕೆ ಸ್ವಲ್ಪ ಹೆಚ್ಚು ಮಾತಾಡುತ್ತಾಳೆ ಎಂದಷ್ಟೇ ಅಂದುಕೊಂಡೆ. ಹೊಟ್ಟೆಕಿಚ್ಚಿನವರು ಹಾಗೇ ಅಂದುಕೊಳ್ಳುವುದು.

ಮುಂದೆ ಒಂದು ಅರ್ಜಿ ತುಂಬಿಸುವ ಪಾಠ. ಗಂಡನ ಹೆಸರಿನ ಜಾಗ ಬಂದಾಗ ನೀನು ತುಟಿ ಬಿಗಿದುಕೊಂಡು ಬರೀ ಬೆರಳಿನಿಂದ ಹೊಡೆದೆ. ಪಕ್ಕದ ಹುಡುಗಿ ಬಿಡಲಿಲ್ಲ.

“ಯಕ್ಕಾ, ಮಾಮಾನ ಹೆಸರು ಬೆರಳಿಗಿ ಬರ್ತೈತಿ, ಬಾಯಿಗಿ ಬರಂಗಿಲ್ಲೇನು?”

“ಬಾಯಿಗಿ ಬೀಗ ಐತಿ. ಕೀಲಿ ನಿಮ್ಮ ಮಾಮಾನ ಹಂತ್ಯಾಕ ಐತಿ.”

“ಹಂಗಾರ ಒಡಪು ಹಾಕು. ಒಡಪಿನಾಗ ಹೇಳಿದ್ರ ದೋಷ ಇಲ್ಲಂತ, ನಮ್ಮವ್ವ ಹೇಳ್ತಾಳ.”

ನಮ್ಮ ಕಡೆ ಹಾಗೆಯೇ. ಹೆಂಡತಿ ಗಂಡನ ಹೆಸರು ಬರಿದೇ ಅನ್ನುವುದಿಲ್ಲ, ಅಂದರೆ ಅವನ ಆಯುಷ್ಯ ಸವೆಯುತ್ತದೆಂದು ನಂಬಿಕೆ. ಮದುವೆ, ಸೀಮಂತದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕಾಡಿದರೆ ಮಾತ್ರ, ಎರಡು ಸಾಲು ಪ್ರಾಸ ಕಟ್ಟಿ, ಕೊನೆಗೆ ಹೂವಿನ ಒಳಗೆ ಮುಚ್ಚಿಟ್ಟಂತೆ ಹೆಸರನ್ನು ಇಟ್ಟು ಹೇಳುವುದು. ಅದು ಒಡಪು. ನೀನು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು, ಕುಂತಲ್ಲೇ ಕಟ್ಟಿದೆ:

ಕಾಲುವಿ ನೀರು ಗದ್ದಿಗಿ ಚೆಂದ,
ಗದ್ದಿ ಪೈರು ಗಾಳಿಗಿ ಚೆಂದ,
ಬೆನ್ನಿಗಿ ಚೀಲಾ ಹೊತ್ತು ಬರೋ
ಹನುಮಂತರಾಯ್ರು ನನ್ನ ಕಣ್ಣಿಗಿ ಚೆಂದ.

ಹುಡುಗಿಯರು ಮೇಜು ಬಡಿದರು. ನಿನ್ನ ಹನುಮಂತ ಆಗ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿ. ಅದಾದ ಇಪ್ಪತ್ತು ದಿನಕ್ಕೆ ಗಿರಣಿಯಲ್ಲಿ ಒಂದರ ಮೇಲೊಂದು ಪೇರಿಸಿದ ಚೀಲದ ನಿಟ್ಟು ಜರಿದು ಆತನ ಬೆನ್ನಿನ ಮೇಲೆ ಬಿತ್ತು. ಕೊಪ್ಪಳದ ದವಾಖಾನೆಯಲ್ಲಿ ಜೀವ ಉಳಿಸಿಕೊಟ್ಟರು, ಕಾಲಿನ ಮಾತು ಹೇಳಲಿಲ್ಲ.

ತಿಂಗಳ ನಂತರ ನೀನು ಮತ್ತೆ ಕ್ಲಾಸಿಗೆ ಬಂದೆ. ಎಲ್ಲರೂ ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತೆ.

“ಆ ಒಡಪು ಹಾಕಬಾರದಿತ್ರಿ ಸರ್ರ. ಬೆನ್ನು ಅಂದೆ, ಚೀಲಾ ಅಂದೆ, ಹೆಸರು ತಗದೆ. ಮೂರೂ ಕೂಡಿಸಿ ನಾನ ಕೊಟ್ಟಂಗಾತು. ಅವರು ಎದ್ದು ತಮ್ಮ ಕಾಲ್ಲೆ ನಡಿಯೋ ತನಕಾ ನನ್ನ ಬಾಯಾಗ ಆ ಹೆಸರು ಬರಂಗಿಲ್ಲ. ಗುಡ್ಡದ ದೇವ್ರಿಗೆ ಬೇಡಿಕೊಂಡೀನಿ.”

ಗುಡ್ಡದ ದೇವರು ಎಂದರೆ ಅಂಜನಾದ್ರಿಯ ಹನುಮಂತ. ದೇವರ ಹೆಸರೂ ಗಂಡನ ಹೆಸರೂ ಒಂದೇ ಆದ್ದರಿಂದ ದೇವರನ್ನೂ ನೀನು ಹೆಸರು ಹಿಡಿದು ಕರೆಯಲಿಲ್ಲ. ನಾನು, ಹುಚ್ಚಿ, ಮಾತಿನಿಂದ ಚೀಲಾ ಬೀಳ್ತಾವೇನು ಎಂದು ಸಮಾಧಾನ ಮಾಡಿದೆ. ಚಹಾ ತರಿಸಿ ಕುಡಿಸಿದೆ. ನಿನ್ನ ಕಣ್ಣೀರು ನಿಂತಿತು. ನೀನು ನನ್ನ ಹತ್ತಿರ ಇಟ್ಟುಹೋದ ಆ ಮಾತು ಮಾತ್ರ ನನ್ನ ಕಿಸೆಯಲ್ಲಿ ಉಳಿಯಿತು — ಕತ್ತಿಯ ಹಾಗೆ. ಅದು ಕತ್ತಿ ಎಂದು ನನಗೆ ಅವತ್ತೇ ಗೊತ್ತಿತ್ತೇ? ಇರಲಿಕ್ಕಿಲ್ಲ. ಇದ್ದರೂ — ಇರಲಿ, ಈಗ ಅದನ್ನು ಅಳೆಯುತ್ತ ಕೂತರೆ ಅದೂ ಒಂದು ತಪ್ಪಿಸಿಕೊಳ್ಳುವ ಹಾದಿ.

ಆ ವರ್ಷವೇ ಆಟದವರು ಹೇಳಿ ಕಳಿಸಿದರು: ಆಟ ಬೆಳೆಸಬೇಕು, ಈ ಭಾಗದ ಶಬ್ದ ಸೇರಿಸಬೇಕು, ಇದ್ದ ಶಬ್ದಗಳನ್ನು ತಿದ್ದಬೇಕು, ಅದಕ್ಕೊಬ್ಬರನ್ನು ನಿಮ್ಮ ಕೇಂದ್ರದಲ್ಲೇ ಕೂರಿಸುತ್ತೇವೆ, ತಿಂಗಳ ಪಗಾರ ಕೊಡುತ್ತೇವೆ ಎಂದು. ನಿನಗೆ ಆ ಕೆಲಸ ಎಂದರೆ ಏನು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಹಾಸಿಗೆ ಹಿಡಿದ ಗಂಡ. ನೆರಳಿನಲ್ಲಿ ಕೂತು ಮಾಡುವ ಕೆಲಸ. ವರ್ಷವಿಡೀ ಬರುವ ಪಗಾರ. ಬಗ್ಗಿ ಬಗ್ಗಿ ಸಸಿ ಹಚ್ಚುವ ನಿನ್ನ ಸೊಂಟಕ್ಕೆ ಒಂದು ಖುರ್ಚಿ. ಆ ಖುರ್ಚಿಗೆ ತಕ್ಕವಳು ಇಡೀ ತಾಲೂಕಿನಲ್ಲಿ ನೀನೊಬ್ಬಳೇ ಎಂಬುದೂ ನನಗೆ ಗೊತ್ತಿತ್ತು. ನನ್ನನ್ನು ಹೆದರಿಸಿದ್ದೂ ಅದೇ. ನೀನು ಅಲ್ಲಿ ಕೂತರೆ ನನ್ನ ಶಬ್ದಗಳನ್ನು ಒಂದೊಂದಾಗಿ ತಿದ್ದುತ್ತೀ. ನಕ್ಕೋತ ತಿದ್ದುತ್ತೀ. ಮೊದಲ ಪರದೆಯ ಮೇಲೆ ನನ್ನ ಹೆಸರಿನ ಕೆಳಗೆ ನಿನ್ನ ಹೆಸರು ಬರುತ್ತದೆ. ಆಮೇಲೆ ಮೇಲೆ ಬರುತ್ತದೆ.

ಗಿಳಿಗೆ ಶಬ್ದ ತಿನ್ನಿಸುವ ಒಬ್ಬನ ಹೊಟ್ಟೆಯೊಳಗೆ ಇಷ್ಟು ವಿಷವಿತ್ತು. ಬೀದಿನಾಯಿಗೂ ಎಂಜಲೆಲೆಗೆ ಜಗಳವಾಡುವ ಹಕ್ಕಿದೆ, ಅದಕ್ಕೆ ಹಸಿವು ಇರುತ್ತದೆ. ನನಗೆ ಹಸಿವೂ ಇರಲಿಲ್ಲ.

“ಆಟದಲ್ಲೇ ಪರೀಕ್ಷೆ ಇಟ್ಟು ಆರಿಸೋಣ. ಪಟ್ಟಿ ನೀವೇ ಮಾಡಿ ಸರ್, ಇಪ್ಪತ್ತು ಪದ, ಎಲ್ಲರಿಗೂ ಒಂದೇ ಪಟ್ಟಿ,” ಎಂದು ಆಟದವರು ಫೋನಿನಲ್ಲಿ ಹೇಳಿದರು. ಎಲ್ಲರಿಗೂ ಒಂದೇ ಪಟ್ಟಿ — ನ್ಯಾಯ ಎಂದರೆ ಇದೇ ಅಲ್ಲವೇ? ನಾನು ಕೂತು ಮಾಡಿದೆ. ಮೂರನೆಯ ಜಾಗದಲ್ಲಿ ಆ ಶಬ್ದ ಇಟ್ಟೆ, ಬೇಗ ಮುಗಿಯಲಿ ಎಂದು. ಸುಳಿವು: ಅಂಜನೆಯ ಮಗ. ನಾಲ್ಕು ಮನೆ. ಹೊಡೆದು ನೋಡಿದೆ. ‘ಆಂಜನೇಯ’ ಎಂದರೂ ನಾಲ್ಕೇ ಮನೆ ತುಂಬುತ್ತದೆ. ನೀನು ಆ ಸಂದಿಯಲ್ಲಿ ಪಾರಾಗುತ್ತೀ. ಹಾಗಾಗಿ ಮೊದಲ ಮನೆಯಲ್ಲಿ ‘ಹ’ ಎಂದು ನಾನೇ ತುಂಬಿಟ್ಟೆ.

ಹುಲಿಗೆಮ್ಮ, ನಾನು ಮಾಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ಹೇಸಿಗೆ ತರುವುದು ಆ ಒಂದು ಅಕ್ಷರ. ಉಳಿದದ್ದನ್ನು ಸಿಟ್ಟು ಎನ್ನಬಹುದು, ಕೈತಪ್ಪು ಎನ್ನಬಹುದು. ಆ ‘ಹ’ ಮಾತ್ರ ಶಾಂತವಾಗಿ ಕೂತು, ಕನ್ನಡಕ ಒರೆಸಿಕೊಂಡು, ತಿಳಿದೇ ಹಾಕಿದ್ದು.

ಪರೀಕ್ಷೆಯ ದಿನ ಆಟದವರ ಕಡೆಯಿಂದ ಒಬ್ಬ ತರುಣ ಬಂದಿದ್ದ, ಕೊರಳಲ್ಲಿ ಗುರುತಿನ ಚೀಟಿ. ನಾನು ಎಲ್ಲರೆದುರು ಕಾಯ್ದೆ ಓದಿ ಹೇಳಿದೆ: ಬಾಯಲ್ಲಿ ಅನ್ನದೆ ಹೊಡೆದ ಶಬ್ದ ಲೆಕ್ಕಕ್ಕಿಲ್ಲ. ಎಷ್ಟು ಒಳ್ಳೆಯ ಪದ್ಧತಿ ಸರ್ ಎಂದು ಆತ ಮೆಚ್ಚಿಕೊಂಡ. ನಿನ್ನ ಮುಂಚೆ ಒಬ್ಬೊಬ್ಬರಾಗಿ ಒಳಗೆ ಬಂದು ಕೂತು ಹೋದ ಐವರೂ ಮೂರನೆಯ ಶಬ್ದವನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೊಡೆದು ದಾಟಿದರು. ಗಿಳಿ ಶಭಾಷ್ ಅಂದಿತು, ಐದು ಸಲ.

ನೀನು ಕೂತೆ. ಕೀಲಿಮಣೆ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಮೊದಲ ಶಬ್ದ, ಎರಡನೆಯ ಶಬ್ದ — ಎಲ್ಲರಿಗಿಂತ ಬೇಗ. ಮೂರನೆಯದು ಬಂತು. ನಿನ್ನ ಬೆರಳು ಎದ್ದವು, ಹಾಗೇ ನಿಂತವು. ತುಟಿ ಬಿಗಿಯಿತು. ಗಿಳಿ ಟೊಂಗೆಯ ತುದಿಗೆ ಒಂದೊಂದೇ ಹೆಜ್ಜೆ ಹಾಕುತ್ತಿತ್ತು.

“ಟೈಮ್ ಹೋಗ್ತಿದೆ ಮೇಡಂ,” ಅಂದ ಆತ.

ನೀನು ಕಣ್ಣು ಮುಚ್ಚಿದೆ. ಮೆಲ್ಲಗೆ — ನನಗೂ ಅರ್ಧ ಕೇಳುವಷ್ಟು ಮೆಲ್ಲಗೆ — ಸುರು ಮಾಡಿದೆ: “ಕಾಲುವಿ ನೀರು ಗದ್ದಿಗಿ ಚೆಂದ... ಗದ್ದಿ ಪೈರು ಗಾಳಿಗಿ ಚೆಂದ...”

ಅಲ್ಲಿಗೆ ನಿಂತಿತು. ಮುಂದಿನ ಸಾಲಿನಲ್ಲಿ ಬೆನ್ನು ಇದೆ, ಚೀಲ ಇದೆ. ಆಮೇಲೆ ಹೆಸರು. ಕೆಲಸ ಬೇಕೆಂದು, ಬೇಡಿಕೊಂಡದ್ದನ್ನೂ ಅರ್ಧ ಮುರಿಯಲು ಹೊರಟವಳು ಆ ಸಾಲಿನ ಹೊಸ್ತಿಲಲ್ಲಿ ನಿಂತು ಕಣ್ಣು ತೆರೆದು ನನ್ನನ್ನು ನೋಡಿದೆ.

ನಮ್ಮಲ್ಲಿ ಈ ಪದ್ಧತಿಗೆ ತನ್ನದೇ ಒಂದು ದಯೆ ಇದೆ. ರೇಷನ್ ಕಾರ್ಡಿನವರು ಮನೆಗೆ ಬಂದು ಗಂಡನ ಹೆಸರು ಕೇಳಿದಾಗ ನನ್ನ ಅಜ್ಜಿ ನನ್ನ ಕಡೆ ತಿರುಗುತ್ತಿದ್ದಳು, “ನೀ ಹೇಳೋ ಮಗಾ ಅವರ ಹೆಸರ” ಅನ್ನುತ್ತಿದ್ದಳು. ಪಕ್ಕದಲ್ಲಿ ಇದ್ದವರು ಹೇಳಿಬಿಡುತ್ತಾರೆ, ಅಷ್ಟೇ. ಬಸ್ ಕಂಡಕ್ಟರನೂ ಹೇಳುತ್ತಾನೆ, ಕಚೇರಿಯ ಜವಾನನೂ ಹೇಳುತ್ತಾನೆ. ಯಾರೂ ಅದನ್ನು ಉಪಕಾರ ಎಂದು ಎಣಿಸುವುದಿಲ್ಲ. ಅಂದು ನೀನು ನನ್ನ ಕಡೆ ತಿರುಗಿದ್ದು ಹಾಗೆಯೇ. ನೀವ ಹೇಳ್ರಿ ಎಂದು. ಆ ನಾಲ್ಕಕ್ಷರ ಹೇಳುವುದು ನನ್ನ ಪಾಲಿನದಾಗಿತ್ತು.

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

ಟೊಂಗೆ ಮುರಿಯಿತು. “ಅಯ್ಯೋ ಪಾಪ,” ಅಂದಿತು ಗಿಳಿ.

“ಏನೋ ಹಾಡು ಹೇಳ್ಕೋತಿದ್ರಲ್ಲ ಸರ್,” ಎಂದು ಆ ತರುಣ ನನ್ನನ್ನು ಕೇಳಿದ. “ಅಂಜನಾದ್ರಿ ಪಕ್ಕದಲ್ಲೇ ಇದ್ದು ಈ ಹೆಸರು ಗೊತ್ತಿಲ್ವಾ ಇವರಿಗೆ?”

“ಶಬ್ದ ಸಾಲದು ಆಕೀಗೆ,” ಅಂದೆ ನಾನು.

ನೀನು ಕೇಳಿಸಿಕೊಂಡೆ. ಎದ್ದೆ. “ಹೌದ್ರಿ. ನನಗ ಬರಂಗಿಲ್ಲ,” ಅಂದೆ. ಕೀಲಿಮಣೆಯನ್ನು ಸೆರಗಿನಿಂದ ಒರೆಸಿ, ಖುರ್ಚಿ ಒಳಗೆ ಸರಿಸಿ ಇಳಿದುಹೋದೆ. ಫಾರ್ಮಿನಲ್ಲಿ ‘ಪದಜ್ಞಾನ’ ಎಂಬ ಕಲಮಿನ ಮುಂದೆ ನಾನು ‘ಸಾಲದು’ ಎಂದು ಬರೆದು ಸಹಿ ಮಾಡಿದೆ. ಕುಂತಲ್ಲೇ ಒಡಪು ಕಟ್ಟುವವಳಿಗೆ ಶಬ್ದ ಸಾಲದು. ಸಸಿಗೂ ಪೈರಿಗೂ ವ್ಯತ್ಯಾಸ ತಿಳಿಯದವನ ಸಹಿ.

ಕೆಲಸ ಬೇರೆ ಒಬ್ಬ ಹುಡುಗಿಗೆ ಹೋಯಿತು. ಆಕೆಯದೇನೂ ತಪ್ಪಿಲ್ಲ. ನೀನು ಗದ್ದೆಗೆ ಮರಳಿದೆ.

ಆ ಸುಗ್ಗಿಯಲ್ಲಿ ಹೊಸ ಅಕ್ಕಿಯ ಗಂಟು ಹೊತ್ತು ನಮ್ಮ ಮನೆಗೆ ಬಂದೆಯಲ್ಲ — ಗುರುಗಳಿಗೆ ಎಂದು. ಜಗುಲಿಯ ಮೇಲೆ ಕೂತು ನೀನೇ ನನ್ನನ್ನು ಸಮಾಧಾನ ಮಾಡಿದೆ. “ಮನಸ್ಸಿಗಿ ಹಚ್ಚಿಕೋಬ್ಯಾಡ್ರಿ ಸರ್ರ. ನನ್ನ ನಸೀಬ ಅದು. ಯಾರ ಗಂಡನ ಹೆಸರು ಏನಂತ ಗಿಳಿಗೇನು ಗೊತ್ತಿರ್ತೈತಿ?”

“ಹೌದವ್ವಾ, ಗಿಳಿಗೇನು ಗೊತ್ತು,” ಅಂದೆ.

ಆ ಅಕ್ಕಿಯನ್ನು ಹದಿನೈದು ದಿನ ಉಂಡೆ. ಘಮ ಭಾಳ ಛಲೋ ಇತ್ತು.

ಈಗ ಆ ಆಟ ಇಲ್ಲ. ಎರಡು ವರ್ಷದಲ್ಲಿ ಆಟದವರು ಬಾಗಿಲು ಹಾಕಿಕೊಂಡರು. ಹಳೆಯ ಕಂಪ್ಯೂಟರಿನಲ್ಲಿ ಗಿಳಿಯ ಚಿತ್ರ ಒತ್ತಿದರೆ ಪರದೆ ಕಪ್ಪಾಗಿ ನಿಲ್ಲುತ್ತದೆ. ನನ್ನ ಹೆಸರೂ ಬರುವುದಿಲ್ಲ. ಅದರಿಂದ ಯಾರ ಶಬ್ದ ಭಂಡಾರ ಬೆಳೆಯಿತೋ ಕಾಣೆ. ಕಲಿತ ಮಕ್ಕಳು ಈಗ ಮೊಬೈಲಿನಲ್ಲಿ ಅರ್ಧರ್ಧ ಅಕ್ಷರ ಹೊಡೆದು ಮಾತಾಡುತ್ತಾರೆ. ಇಂಥ ಒಂದು ಕಸಕ್ಕಾಗಿ ನಾನು ನಿನ್ನ ಅನ್ನ ಕಸಿದೆ. ಕಸವಲ್ಲದೆ ಬಂಗಾರವಾಗಿದ್ದರೆ ತಪ್ಪು ಸಣ್ಣದಾಗುತ್ತಿತ್ತೇ — ಇಲ್ಲ, ಆಗುತ್ತಿರಲಿಲ್ಲ.

ಸುಮ್ಮನಿದ್ದೇ ಸಾಯುತ್ತಿದ್ದೆನೇನೋ. ಹೋದ ವಾರ ಗಂಗಾವತಿ ಬಸ್ ನಿಲ್ದಾಣದಲ್ಲಿ ನೀನು ಸಿಕ್ಕೆ. ಜೊತೆಗೆ ಕೋಲೂರಿಕೊಂಡು, ತನ್ನ ಕಾಲ ಮೇಲೆ ನಡೆದು ಬರುತ್ತಿದ್ದ ಆತ. ನಿನ್ನ ಮುಖದಲ್ಲಿ ಎಂಟು ವರ್ಷದ ಬಿಸಿಲೆಲ್ಲ ನಗುತ್ತಿತ್ತು. “ಏನ್ರಿ, ಇತ್ತಾಗ ಬರ್ರಿ. ಇವರ ನಮ್ಮ ಸರ್ರು. ನನಗ ನಾಕು ಅಕ್ಷರ ಹೊಡಿಯಾಕ ಕಲಿಸಿದವರು,” ಅಂದೆ. ಆತ ಕೋಲನ್ನು ನಿನ್ನ ಕೈಗೆ ಕೊಟ್ಟ. ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಬಗ್ಗತೊಡಗಿದ. ನನ್ನ ಕಾಲು ಮುಟ್ಟಲು. ಆ ಬೆನ್ನು ಬಾಗುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ನಿನಗೆ ನೆನಪಿದೆಯೇ? ತಡೆಯಲು ನನಗೆ ಬೇಕಾದಷ್ಟು ಸಮಯವಿತ್ತು. ನಾನು ತಡೆಯಲಿಲ್ಲ. ಮುಟ್ಟಿಸಿಕೊಂಡೆ. ತಲೆಯ ಮೇಲೆ ಕೈಯಿಟ್ಟು ‘ಛಲೋ ಆಗಲಿ’ ಎಂದೂ ಅಂದೆ.

ಇದಿಷ್ಟನ್ನೂ ತುಟಿ ಬಿಗಿದುಕೊಂಡೇ ಹೊಡೆದಿದ್ದೇನೆ, ನನ್ನ ಕಾಯ್ದೆಯನ್ನು ನಾನೇ ಮುರಿದು. ಬಾಯಲ್ಲಿ ಅನ್ನದ್ದು ಲೆಕ್ಕಕ್ಕಿಲ್ಲ. ಆದ್ದರಿಂದ ನಾಳೆ ಮುಂಜಾನೆಯ ಬಸ್ಸಿಗೆ ಮರಳಿಗೆ ಬರುತ್ತೇನೆ. ನಿನ್ನೆದುರು, ಆತನೆದುರು ನಿಂತು ಓದುತ್ತೇನೆ. ಆಮೇಲೆ ನೀನು ಏನೆನ್ನುತ್ತೀಯೋ — ಅದು ನಿನ್ನದು. ಕ್ಷಮಿಸು ಎಂಬ ಶಬ್ದವನ್ನು ಇದರಲ್ಲಿ ಎಲ್ಲೂ ಇಟ್ಟಿಲ್ಲ. ಅದನ್ನು ಕೇಳಿ ನಿನ್ನನ್ನು ಇನ್ನೊಂದು ಪರೀಕ್ಷೆಗೆ ಕೂರಿಸಲಾರೆ.

ಈಗಷ್ಟೇ ಒಂದು ಸಲ ಬಾಯಲ್ಲಿ ಅಂದು ನೋಡಿದೆ. ‘ಆ ಶಬ್ದವನ್ನು ಯಂತ್ರ ಆರಿಸಲಿಲ್ಲ’ — ಅಲ್ಲಿಯವರೆಗೆ ಬಂತು. ಮುಂದಿನ ಎರಡು ಶಬ್ದಕ್ಕೆ ನಾಲಿಗೆ ನಿಂತಿತು. ಮತ್ತೆ ಅಂದೆ, ಮತ್ತೆ ಅಲ್ಲೇ ನಿಂತಿತು. ನಾಳೆ ನಿನ್ನ ಅಂಗಳದಲ್ಲೂ ಹೀಗೆ ನಿಂತರೆ, ಹುಲಿಗೆಮ್ಮ, ನಿನ್ನ ಮನಸ್ಸು ನನಗೆ ಗೊತ್ತು — ಪಕ್ಕದಲ್ಲಿ ನಿಂತು ನೀನೇ ಹೇಳಿಕೊಟ್ಟುಬಿಡುತ್ತೀ. ಹೇಳಿಕೊಡಬೇಡ. ನಾನು ಅನ್ನುವವರೆಗೂ ಸುಮ್ಮನೆ ನೋಡುತ್ತಿರು.